ಹಿಂದಿನ ಸೀಟಿನವರೆಗೆ

ಆರ್ಡಿಸ್ ಕ್ವಾಮ್ಮೆ ಊರಿನ ಶಾಲೆ ನಡೆಸುವ ಸ್ಕೂಲ್ ಬೋರ್ಡಿನ ಚುನಾವಣೆಗೆ ನಿಲ್ಲುತ್ತಾಳಂತೆ ಎಂಬ ಸುದ್ದಿ ಕೆಫೆಗೆ ಮುಟ್ಟಿದಾಗ, ಅಲ್ಲಿ ದಾಳ ಉರುಳಿಸುತ್ತ ಕಾಫಿ ಕುಡಿಯುತ್ತಿದ್ದ ಗಂಡಸರು ಮೊದಲು ನಂಬಲಿಲ್ಲ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ. ಹಾಗೆ ನಕ್ಕವರಲ್ಲಿ ಮೂವರ ಮೂಗು ಒರೆಸಿ, ಟೋಪಿ ಸರಿಮಾಡಿ, ದಿನಾ ಸಂಜೆ ಮನೆ ಬಾಗಿಲಿಗೆ ಮುಟ್ಟಿಸಿದವಳು ಅವಳೇ. ಇಪ್ಪತ್ತಾರು ವರ್ಷ ಬರ್ಗ್‌ಡಾಲ್ ಶಾಲೆಯ ಹಳದಿ ಬಸ್ಸು ಓಡಿಸಿದವಳು. ನಾರ್ತ್ ಡಕೋಟಾದ ಹಿಮದಲ್ಲಿ, ರಸ್ತೆ ಯಾವುದು ಹೊಲ ಯಾವುದು ಗೊತ್ತಾಗದ ಬೆಳಗುಗಳಲ್ಲಿ, ಒಂದು ಮಗುವಿಗೂ ಗೀರು ಬೀಳದಂತೆ ಓಡಿಸಿದವಳು. ಊರಿನಲ್ಲಿರುವುದು ಒಂಬೈನೂರು ಜನ. ಅವರಲ್ಲಿ ಅರ್ಧದಷ್ಟು ಜನ ಅವಳ ಬೆನ್ನ ಹಿಂದೆ ಕೂತು ಬೆಳೆದವರು.

ಆರ್ಡಿಸ್‌ಗೆ ಎರಡು ಅಭ್ಯಾಸಗಳಿದ್ದವು. ಒಂದು, ಮಗು ಇಳಿಯುವಾಗ ಬಾಗಿಲು ತೆರೆದು, ಬೇಸಿಗೆಯಿರಲಿ ಚಳಿಯಿರಲಿ, "ಮೆಟ್ಟಿಲು ನೋಡ್ಕೊಂಡು ಇಳಿ" ಎನ್ನುವುದು. ಹದಿನೇಳು ವರ್ಷದ ಮೀಸೆ ಚಿಗುರಿದ ಹುಡುಗರಿಗೂ ಅದೇ ಮಾತು. ಅವರು ಕಣ್ಣು ಮೇಲಕ್ಕೆ ಹೊರಳಿಸಿದರೂ ಮೆಟ್ಟಿಲು ನೋಡಿಕೊಂಡೇ ಇಳಿಯುತ್ತಿದ್ದರು. ಎರಡನೆಯದು, ಓಡಾಟ ಮುಗಿದು ಗ್ಯಾರೇಜಿಗೆ ಬಂದ ಮೇಲೆ ಇಂಜಿನ್ ಆರಿಸಿ, ಎದ್ದು, ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡುತ್ತ ಕೊನೆಯ ಸೀಟಿನವರೆಗೆ ನಡೆದು ಹೋಗುವುದು. ಅಲ್ಲಿ ಹಿಂದಿನ ಕಿಟಕಿಗೆ 'ಖಾಲಿ' ಎಂಬ ಹಲಗೆ ತೂಗುಹಾಕಿದ ಮೇಲೇ ಅವಳ ಕೆಲಸ ಮುಗಿದಂತೆ. ನಿಯಮ ಎಲ್ಲ ಡ್ರೈವರುಗಳಿಗೂ ಅದೇ. ಆದರೆ ಉಳಿದವರು ಮುಂದೆಯೇ ನಿಂತು ಕಣ್ಣು ಹಾಯಿಸಿ ಬಿಟ್ಟುಬಿಡುತ್ತಿದ್ದರು. ಆರ್ಡಿಸ್ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಕೊನೆಯ ಸೀಟಿನ ಕೆಳಗೆ ಐದು ವರ್ಷದ ಮಗುವೊಂದು ಕೋಟು ಹೊದ್ದುಕೊಂಡು ನಿದ್ದೆ ಹೋಗಿತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ.

ಈಗ ಚುನಾವಣೆಯ ಹುಚ್ಚು ಯಾಕೆ ಹತ್ತಿತು ಎಂದರೆ, ಬೋರ್ಡಿನವರು ಉತ್ತರದ ರಸ್ತೆಯ ಬಸ್ಸನ್ನೂ ಪಶ್ಚಿಮದ ರಸ್ತೆಯ ಬಸ್ಸನ್ನೂ ಸೇರಿಸಿ ಒಂದೇ ಮಾಡಿಬಿಟ್ಟಿದ್ದರು. ಒಬ್ಬ ಡ್ರೈವರ್ ನಿವೃತ್ತನಾದ. ಅವನ ಜಾಗಕ್ಕೆ ಇನ್ನೊಬ್ಬನನ್ನು ಹುಡುಕುವ ಬದಲು ನಕ್ಷೆಯ ಮೇಲೆ ಹೊಸ ಗೆರೆ ಎಳೆದರು, ಅಷ್ಟೆ. ಅದರಿಂದ ಉತ್ತರದ ತುದಿಯ ಸ್ಟಾಕ್ ಅವರ ಮನೆಯ ಹೈಸ್ಕೂಲು ಹುಡುಗಿ ಮಾರೆನ್ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ ಬಸ್ಸು ಹತ್ತಿ, ತೊಂಬತ್ತೈದು ನಿಮಿಷ ಕೂತು ಶಾಲೆ ಸೇರಬೇಕು. ಸಂಜೆ ಮತ್ತೆ ಅಷ್ಟೇ. ಆರು ವರ್ಷದ ಮಕ್ಕಳು ಒಂದೂವರೆ ಗಂಟೆ ಉಚ್ಚೆ ಕಟ್ಟಿಕೊಂಡು ಕೂರಬೇಕು. ಗೆರೆ ಎಳೆದ ಪುಣ್ಯಾತ್ಮರು ಒಬ್ಬರೂ ಆ ಬಸ್ಸು ಹತ್ತಿರಲಿಲ್ಲ. ಮಕ್ಕಳು ಸಪ್ಪಗೆ ಮುಖ ಮಾಡಿಕೊಂಡು ಇಳಿಯುವುದನ್ನು ಆರ್ಡಿಸ್ ದಿನಾ ಕನ್ನಡಿಯಲ್ಲಿ ನೋಡುತ್ತಿದ್ದಳು.

ಅವಳು ಬೋರ್ಡಿನ ಸಭೆಗೆ ಹೋಗಿ ಹೇಳಿದಳು. ಸಾರ್ವಜನಿಕರಿಗೆ ತಲಾ ಮೂರು ನಿಮಿಷ ಕೊಡುತ್ತಾರೆ, ಮುಗಿದ ಕೂಡಲೇ ಗಂಟೆ ಹೊಡೆಯುತ್ತದೆ. ಬಸ್ಸಿನ ದಾರಿಯನ್ನು ಒಂದೊಂದೇ ನಿಲ್ದಾಣವಾಗಿ ವಿವರಿಸುತ್ತ ಅವಳು ಇನ್ನೂ ಪಶ್ಚಿಮದ ಸೇತುವೆಯವರೆಗೂ ಬಂದಿರಲಿಲ್ಲ, ಗಂಟೆ ಹೊಡೆಯಿತು. ಅಧ್ಯಕ್ಷ ಕರ್ಟಿಸ್ ಬೆಂಟ್ಜ್ "ಧನ್ಯವಾದ, ಶ್ರೀಮತಿ ಕ್ವಾಮ್ಮೆ ಅವರೇ" ಎಂದು ಸುತ್ತಿಗೆ ಕುಟ್ಟಿದ. ಕರ್ಟಿಸ್ ಬಿತ್ತನೆ ಬೀಜದ ವ್ಯಾಪಾರಿ, ಹದಿನಾಲ್ಕು ವರ್ಷದಿಂದ ಅಧ್ಯಕ್ಷ. ಅವನೂ ಆರ್ಡಿಸ್ಸೂ ಇದೇ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಓದಿದವರು. ಹೊರಗೆ ಸಿಕ್ಕರೆ ಹೋಗೇ ಬಾರೇ ಎನ್ನುವವನು, ಸಭೆಯಲ್ಲಿ ಮಾತ್ರ ಶ್ರೀಮತಿ. ಕೆಟ್ಟವನೇನಲ್ಲ. ತಾನು ಹುಡುಗನಾಗಿದ್ದಾಗ ಪಟ್ಟ ಕಷ್ಟವನ್ನೆಲ್ಲ ಈಗಿನ ಮಕ್ಕಳೂ ಪಡಬೇಕು, ಪಟ್ಟರೇ ಗಟ್ಟಿಯಾಗುವುದು ಎಂದು ನಂಬಿದವನು. ಇಂಥವರ ಜೊತೆ ಜಗಳವಾಡುವುದು ಕೆಟ್ಟವರ ಜೊತೆ ಆಡುವುದಕ್ಕಿಂತ ಕಷ್ಟ.

ಮನೆಗೆ ಬಂದವಳೇ ಕೋಟನ್ನು ಕುರ್ಚಿಯ ಮೇಲೆ ಎಸೆದಳು.

"ಮೂರು ನಿಮಿಷ ಕಣೋ ಡೆಲ್ಮರ್. ಮಕ್ಳು ಒಂದೂವರೆ ಗಂಟೆ ಕೂರ್ತವೆ, ಅದನ್ನ ಹೇಳೋಕೆ ನಂಗೆ ಮೂರು ನಿಮಿಷ."

ಅವಳ ಗಂಡ ಡೆಲ್ಮರ್ ಸೂಪಿನಿಂದ ತಲೆ ಎತ್ತಲಿಲ್ಲ. "ಹಂಗಿದ್ರೆ ಮೇಜಿನ ಆ ಕಡೆ ಹೋಗಿ ಕೂತ್ಕೊಳ್ಳೇ. ಅಲ್ಲಿ ಕೂತೋರಿಗೆ ಯಾರೂ ಗಂಟೆ ಹೊಡಿಯಲ್ಲ."

ಅವನು ತಮಾಷೆಗೆ ಅಂದದ್ದು. ಇವಳು ಮರುದಿನವೇ ಅರ್ಜಿ ತಂದಳು.

ಪ್ರಚಾರ ಎಂದರೆ ಏನಿದ್ದೀತು? ಎದುರಾಳಿ ಕರ್ಟಿಸ್‌ನ ಭಾವಮೈದ, ವಿಮೆ ಮಾಡಿಸುವವನು. ಅವನ ಫಲಕಗಳು ನಗರದಲ್ಲಿ ಮುದ್ರಣವಾಗಿ ಬಂದವು, ಹಲ್ಲು ತೋರಿಸುವ ಫೋಟೋ ಸಮೇತ. ಆರ್ಡಿಸ್ ಗ್ಯಾರೇಜಿನಲ್ಲಿ ಬಿದ್ದಿದ್ದ ಪ್ಲೈವುಡ್ ತುಂಡುಗಳಿಗೆ ಬಸ್ಸಿನ ಹಳದಿ ಬಣ್ಣ ಬಳಿದು, ಕಪ್ಪಿನಲ್ಲಿ 'ಆರ್ಡಿಸ್' ಎಂದಷ್ಟೇ ಬರೆದಳು. ಶಾಲೆಯ ಬಸ್ಸು ನಿಂತರೆ ಉಳಿದ ವಾಹನಗಳೂ ನಿಲ್ಲಬೇಕೆಂಬ ಕಾನೂನಿದೆಯಲ್ಲ, ರಸ್ತೆ ಬದಿಯಲ್ಲಿ ಆ ಬಣ್ಣ ಕಂಡರೆ ಕಾರಿನವರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಇಬ್ಬರನ್ನೂ ಕೂರಿಸಿ ಪ್ರಶ್ನೆ ಕೇಳಿದರು. ಆಡಳಿತದ ಬಗ್ಗೆ ನಿಮಗೇನು ಗೊತ್ತು ಎಂದು ಯಾರೋ ಕೆಣಕಿದರು. ಆಡಳಿತ ಗೊತ್ತಿಲ್ಲ, ಕಲಿಯುತ್ತೇನೆ ಎಂದಳು ಆರ್ಡಿಸ್. ಯಾವ ಮನೆಯ ಮಗು ಸೋಮವಾರ ಬೆಳಿಗ್ಗೆ ಹಸಿದುಕೊಂಡೇ ಬಸ್ಸು ಹತ್ತುತ್ತದೆ, ಯಾವ ಮಗುವಿಗೆ ಅಣ್ಣನ ಹಳೆಯ ಕೈಗವಸೂ ಇಲ್ಲ, ಅದು ಮಾತ್ರ ಗೊತ್ತು ಎಂದಳು. ಹೆಸರು ಹೇಳಲಿಲ್ಲ. ಆದರೆ ಆ ಭಾನುವಾರ ಚರ್ಚಿನ ಬಾಗಿಲಲ್ಲಿ ಯಾರು ಇಟ್ಟರೋ, ಒಂದು ಬುಟ್ಟಿ ತುಂಬ ಹೊಸ ಕೈಗವಸು ಇತ್ತು.

ಜೂನಿನಲ್ಲಿ ಮತದಾನವಾಯಿತು. ಆರ್ಡಿಸ್ ಮೂವತ್ತೊಂದು ಮತಗಳಿಂದ ಗೆದ್ದಳು. ಡೆಲ್ಮರ್ ಅಂಗಳದಲ್ಲಿ ನಿಂತು ಟ್ರಕ್ಕಿನ ಹಾರ್ನ್ ಎಷ್ಟು ಹೊಡೆದನೆಂದರೆ ಪಕ್ಕದ ಮನೆಯ ನಾಯಿ ಎರಡು ದಿನ ಈ ಕಡೆ ತಲೆ ಹಾಕಲಿಲ್ಲ.

ಮರುದಿನ ಶಾಲೆಯ ಕಚೇರಿಯಿಂದ ಫೋನು ಬಂತು. ಗುಮಾಸ್ತೆ ಮೊದಲು ಅಭಿನಂದನೆ ಹೇಳಿ, ಆಮೇಲೆ ಕೆಮ್ಮಿದಳು. ಶಾಲೆಯ ಸಂಬಳ ತಿನ್ನುವವರು ಬೋರ್ಡಿನಲ್ಲಿ ಕೂರುವ ಹಾಗಿಲ್ಲ. ಜುಲೈ ಒಂದರೊಳಗೆ ಒಂದನ್ನು ಬಿಡಬೇಕು, ಬಸ್ಸು ಅಥವಾ ಕುರ್ಚಿ. ಇದು ಮೊದಲೇ ಯಾರಿಗೂ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮೂರಿನ ಮೇಯರನೇ ಬೆಂಕಿ ಆರಿಸುವ ದಳದ ಮುಖ್ಯಸ್ಥ, ಅವನೇ ಹೆಣಕ್ಕೆ ಪೆಟ್ಟಿಗೆ ಕೊಡುವವನು, ಅವನೇ ಚರ್ಚಿನಲ್ಲಿ ಆರ್ಗನ್ ಬಾರಿಸುವವನು. ಒಬ್ಬರಿಗೆ ಒಂದೇ ಕೆಲಸ ಎಂಬ ಮಾತು ಇಲ್ಲಿ ಯಾರ ತಲೆಗೂ ಬರುವುದಿಲ್ಲ. ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತಂತೆ. ಊರಿಗೆ ಊರೇ ಅದನ್ನು ಓದಿರಲಿಲ್ಲ.

ಆರ್ಡಿಸ್ ಫೋನು ಇಟ್ಟು ಅಲ್ಲೇ ಕುರ್ಚಿಯಲ್ಲಿ ಕೂತಳು. ಮಕ್ಕಳಾಗಲಿಲ್ಲ ಅವಳಿಗೆ. ಅದರ ಬಗ್ಗೆ ಅವಳು ಮಾತಾಡುವವಳಲ್ಲ. ಬೆಳಗ್ಗೆ ಎದ್ದರೆ ನಲವತ್ತು ಮಕ್ಕಳು ಹತ್ತುತ್ತವೆ, ನಲವತ್ತನ್ನೂ ಎಣಿಸಿ ಇಳಿಸುತ್ತೇನೆ ಎಂಬುದೇ ಅವಳ ಜೀವ. ಬಸ್ಸು ಬಿಡುವುದೆಂದರೆ ಆ ನಲವತ್ತನ್ನೂ ಬಿಡುವುದು. ಕುರ್ಚಿ ಬಿಟ್ಟರೆ ಆ ನಲವತ್ತೂ ಹಾಗೆಯೇ ಒಂದೂವರೆ ಗಂಟೆ ಕೂತಿರುತ್ತವೆ. ಕೆಫೆಯವರು ಕನಿಕರದಿಂದಲೇ ಹೇಳಿ ಕಳಿಸಿದರು, ಪಾಪ, ಕುರ್ಚಿಯನ್ನೇ ಬಿಡಲಿ ಎಂದು. ನಾಲ್ಕನೆಯ ದಿನ ಗ್ಯಾರೇಜಿಗೆ ಹೋದಳು. ಬೇಸಿಗೆ ರಜೆ, ಬಸ್ಸು ಹತ್ತಿದವರು ಯಾರೂ ಇಲ್ಲ. ಆದರೂ ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡುತ್ತ ಕೊನೆಯವರೆಗೆ ನಡೆದು, 'ಖಾಲಿ' ಹಲಗೆ ತೂಗುಹಾಕಿ, ಕೀಲಿಕೈ ಕೊಟ್ಟು ಬಂದಳು. ಅತ್ತಳೇ? ಅತ್ತಳು. ಇಂಥದ್ದಕ್ಕೆ ಅಳದವರು ಯಾವುದಕ್ಕೆ ಅಳುತ್ತಾರೆ?

ಬೋರ್ಡಿನಲ್ಲಿ ಐದು ಜನ. ಅವಳಿಗೆ ಮೊದಲ ಸಭೆಯಲ್ಲೇ ಗೊತ್ತಾಯಿತು, ಮೇಜಿನ ಈ ಕಡೆ ಗಂಟೆ ಹೊಡೆಯದಿದ್ದರೂ ಮಾತು ಮುಂದಕ್ಕೆ ಹೋಗುವುದಿಲ್ಲ ಎಂದು. ಪ್ರತಿ ಸಭೆಗೂ ಒಂದು ಕಟ್ಟು ಕಾಗದ ಬರುತ್ತಿತ್ತು. ಉಳಿದವರು ಮೇಲಿನ ಹಾಳೆ ನೋಡಿ ಕೈ ಎತ್ತುತ್ತಿದ್ದರು. ಆರ್ಡಿಸ್ ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಕೊನೆಯ ಹಾಳೆಯವರೆಗೆ ಓದಿ, ಗೊತ್ತಾಗದ್ದಕ್ಕೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿ, ಸಭೆಯಲ್ಲಿ ಒಂದೊಂದನ್ನೇ ಕೇಳುತ್ತಿದ್ದಳು. ಕೇಳಲು ಅವಳಿಗೆ ನಾಚಿಕೆಯೇನೂ ಇರಲಿಲ್ಲ. ಉತ್ತರ ಗೊತ್ತಿಲ್ಲದೆ ಕೂತವರು ಬೆವರುತ್ತಿದ್ದರು.

ಇನ್ನೊಂದು ವಿಚಿತ್ರ. ಸಭೆ ನಡೆಯುವುದು ಶಾಲೆಯ ಲೈಬ್ರರಿಯಲ್ಲಿ. "ಬೇರೆ ಯಾರಾದರೂ ಮಾತಾಡುವವರಿದ್ದೀರಾ" ಎಂದು ಕರ್ಟಿಸ್ ಕೇಳುವುದೂ ಸುತ್ತಿಗೆ ಬೀಳುವುದೂ ಒಟ್ಟಿಗೇ. ಎರಡನೆಯ ಸಭೆಯಲ್ಲಿ ಅವನ ಕೈ ಸುತ್ತಿಗೆಗೆ ಹೋಗುವಷ್ಟರಲ್ಲಿ ಆರ್ಡಿಸ್ ಎದ್ದಳು. ಕುರ್ಚಿಗಳ ನಡುವೆ ಕೊನೆಯ ಸಾಲಿನವರೆಗೆ ನಡೆದು, ಅಲ್ಲಿ ಬಾಯಿ ಬಿಡದೆ ಕೂತಿದ್ದ ಒಬ್ಬ ಅಜ್ಜಿಯ ಹತ್ತಿರ ಬಗ್ಗಿ, ನೀವೇನೋ ಹೇಳಬೇಕು ಅಂತ ಬಂದಿರಬೇಕಲ್ಲ ಎಂದು ಕೇಳಿದಳು. ಕರ್ಟಿಸ್‌ಗೆ ಪಿತ್ತ ಕೆರಳಿತು.

"ಶ್ರೀಮತಿ ಕ್ವಾಮ್ಮೆ ಅವರೇ, ಸಭೆ ಇನ್ನೂ ಮುಗಿದಿಲ್ಲ."

"ಅದಕ್ಕೇ ಎದ್ದಿದ್ದು ಕರ್ಟಿಸ್. ಹಿಂದಿನ ಸೀಟು ನೋಡ್ದೆ ನಾನು ಯಾವತ್ತೂ ಮುಗ್ಸಿಲ್ಲ."

ಅಂದಿನಿಂದ ಪ್ರತಿ ಸಭೆಯಲ್ಲೂ ಅದೇ ಆಯಿತು. ಮೊದಲೆಲ್ಲ ಮುಸಿಮುಸಿ ನಕ್ಕವರು ಆಮೇಲೆ ಅದಕ್ಕಾಗಿ ಕಾಯತೊಡಗಿದರು. ಲೈಬ್ರರಿಯಲ್ಲಿ ಇನ್ನೂ ಹತ್ತು ಕುರ್ಚಿ ಹಾಕಬೇಕಾಯಿತು.

ಅಕ್ಟೋಬರಿನಲ್ಲಿ ಅವಳು ಬಸ್ಸಿನ ವಿಷಯ ಎತ್ತಿದಳು. ಕರ್ಟಿಸ್ ಬೆನ್ನು ಒರಗಿಸಿಕೊಂಡು, ಎರಡು ಬಸ್ಸಿಗೆ ಇಬ್ಬರು ಡ್ರೈವರು ಬೇಕು, ಇವಳ ಜಾಗಕ್ಕೆ ಸಿಕ್ಕಿರುವವನು ಒಬ್ಬನೇ, ಇದ್ದ ಒಳ್ಳೆಯ ಡ್ರೈವರು ಈಗ ಮೇಲೆ ಬಂದು ಕೂತಿದ್ದಾಳೆ ಎಂದ. ಎಲ್ಲರೂ ನಕ್ಕರು. ಚುಚ್ಚಿದ್ದು ಅವಳಿಗೆ ಎದೆಗೇ ನಾಟಿತು, ಯಾಕೆಂದರೆ ಅದು ನಿಜ. ಆ ಶನಿವಾರವೇ ಉತ್ತರದ ರಸ್ತೆಗೆ ಹೋಗಿ ಮಾರೆನ್‌ಳ ತಾಯಿ ಗ್ರೆಟಾಳನ್ನು ಹಿಡಿದಳು. ಸುಗ್ಗಿಯಲ್ಲಿ ಗೋಧಿ ಲಾರಿ ಓಡಿಸುವ ಹೆಂಗಸು ಬಸ್ಸು ಓಡಿಸಲಾರಳೇ? ಚರ್ಚಿನ ಹಿಂದಿನ ಬಯಲಿನಲ್ಲಿ, ಪರವಾನಗಿ ಪಡೆದು ತರಿಸಿದ ಹಳೆಯ ಬಸ್ಸಿನಲ್ಲಿ, ಆರು ವಾರ ಕಲಿಸಿದಳು. ತಿರುಗಿಸುವುದು, ಹಿಂದಕ್ಕೆ ತೆಗೆಯುವುದು, ಹಿಮದಲ್ಲಿ ಜಾರಿದಾಗ ಕೈ ಸಡಿಲ ಬಿಡುವುದು. ಕೊನೆಗೆ, ಕೊನೆಯ ಸೀಟಿನವರೆಗೆ ನಡೆಯುವುದು. ಗ್ರೆಟಾ ಪರೀಕ್ಷೆ ಪಾಸಾದಳು.

ಜನವರಿಯ ಸಭೆಯಲ್ಲಿ ಆರ್ಡಿಸ್ ಬೇರೆ ಏನನ್ನೂ ಕೇಳಲಿಲ್ಲ. ಮತ ಹಾಕುವ ಮೊದಲು ಬೋರ್ಡಿನ ಉಳಿದ ನಾಲ್ವರೂ ಒಂದು ಬೆಳಿಗ್ಗೆ ಸ್ಟಾಕ್ ಅವರ ಗೇಟಿನಿಂದ ಶಾಲೆಯವರೆಗೆ ಬಸ್ಸಿನಲ್ಲಿ ಬರಲಿ ಎಂದಳು, ಅಷ್ಟೆ. ಇಬ್ಬರು ಕೆಲಸವಿದೆ ಎಂದು ಜಾರಿಕೊಂಡರು. ಬೋರ್ಡಿನಲ್ಲಿದ್ದ ಊರಿನ ಪಶುವೈದ್ಯ ಬಂದ. ಕರ್ಟಿಸ್ ಬಂದದ್ದು ಹಟಕ್ಕೆ. ಸೊನ್ನೆಗಿಂತ ಇಪ್ಪತ್ತೈದು ಕೆಳಗಿನ ಚಳಿ. ನಮ್ಮ ಕಾಲದಲ್ಲಿ ನಾವು ನಡೆದೇ ಹೋಗುತ್ತಿದ್ದೆವು ಎನ್ನುತ್ತ ದೊಡ್ಡ ಥರ್ಮಾಸಿನ ತುಂಬ ಕಾಫಿ ತಂದಿದ್ದ. ಪಶ್ಚಿಮದ ಸೇತುವೆ ಬರುವಷ್ಟರಲ್ಲಿ ಥರ್ಮಾಸು ಖಾಲಿಯಾಗಿತ್ತು. ಇನ್ನೂ ಐವತ್ತು ನಿಮಿಷ ಬಾಕಿ. ಮೊದಲು ಕರ್ಟಿಸ್ ಮಾತು ನಿಲ್ಲಿಸಿದ. ಆಮೇಲೆ ಕಾಲ ಮೇಲೆ ಕಾಲು ಹಾಕಿದ. ಆಮೇಲೆ ಕಿಟಕಿಯ ಹಿಮವನ್ನು ಉಗುರಿನಿಂದ ಕೆರೆಯತೊಡಗಿದ. ಪಕ್ಕದಲ್ಲಿದ್ದ ಒಂದನೇ ತರಗತಿಯ ಪುಟ್ಟಿ ಅವನನ್ನು ಸ್ವಲ್ಪ ಹೊತ್ತು ನೋಡಿ, ದೊಡ್ಡವರ ಗಾಂಭೀರ್ಯದಿಂದ ಹೇಳಿದಳು, "ನಾನು ನೂರರ ತನಕ ಎಣಿಸ್ತೀನಿ. ನೀವೂ ಎಣಿಸಿ, ತಡ್ಕೊಳೋಕೆ ಆಗುತ್ತೆ." ಶಾಲೆಯ ಮುಂದೆ ಬಸ್ಸು ನಿಂತಾಗ ಕರ್ಟಿಸ್ ಬೆಂಟ್ಜ್, ಹದಿನಾಲ್ಕು ವರ್ಷದ ಅಧ್ಯಕ್ಷ, ಮೆಟ್ಟಿಲನ್ನೂ ನೋಡದೆ ಇಳಿದು ಓಡಿದ. ಆರ್ಡಿಸ್ ನಗಲಿಲ್ಲ. ಮನೆಗೆ ಹೋಗಿ ಡೆಲ್ಮರ್‌ನ ಮುಂದೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಫೆಬ್ರವರಿಯಲ್ಲಿ ಎರಡು ಬಸ್ಸಿನ ವಿಷಯ ಮತಕ್ಕೆ ಬಂತು. ಲೈಬ್ರರಿ ತುಂಬಿ ಬಾಗಿಲವರೆಗೂ ಜನ. ಮಾತಾಡುವವರೆಲ್ಲ ಮಾತಾಡಿದರು, ಗಂಟೆ ಹೊಡೆಯಿತು. ಕರ್ಟಿಸ್ ಸುತ್ತಿಗೆ ಹಿಡಿದನೇ ಹೊರತು ಕುಟ್ಟಲಿಲ್ಲ, ಆರ್ಡಿಸ್‌ಳ ಕಡೆ ನೋಡಿದ. ಅವಳು ಎದ್ದು ಹಿಂದಕ್ಕೆ ನಡೆದಳು. ಕೊನೆಯ ಸಾಲಿನಲ್ಲಿ ಮಾರೆನ್ ಕೂತಿದ್ದಳು. ಐದು ವರ್ಷದವಳಿದ್ದಾಗಿನಿಂದ ಹನ್ನೊಂದು ವರ್ಷ ಆರ್ಡಿಸ್‌ಳ ಬಸ್ಸಿನಲ್ಲಿ ಮೊದಲು ಹತ್ತಿ ಕೊನೆಗೆ ಇಳಿದ ಹುಡುಗಿ, ಹತ್ತು ಜನರ ಮುಂದೆ ಬಾಯಿ ತೆರೆಯದವಳು. ಆರ್ಡಿಸ್ ಏನನ್ನೂ ಕೇಳದೆ ಪಕ್ಕದಲ್ಲಿ ನಿಂತಳು. ಹುಡುಗಿ ಎದ್ದಳು.

"ನಾನು ಲೆಕ್ಕ ಹಾಕಿದೀನಿ," ಎಂದಳು ಮಾರೆನ್, ನೆಲ ನೋಡುತ್ತ. "ವರ್ಷಕ್ಕೆ ಇಪ್ಪತ್ಮೂರು ದಿನ ನಾನು ಬಸ್ಸಲ್ಲೇ ಇರ್ತೀನಿ. ಹಗಲೂ ರಾತ್ರಿ ಸೇರಿ ಇಪ್ಪತ್ಮೂರು ದಿನ. ಬಾಸ್ಕೆಟ್‌ಬಾಲ್ ಬಿಟ್ಟೆ, ಅದು ಹೋಗ್ಲಿ. ನಂದು ಮುಗೀತಾ ಬಂತು. ಆದ್ರೆ ನನ್ ಪಕ್ಕ ಕೂರೋ ಪುಟ್ಟಿ ಇನ್ನೂ ಒಂದನೇ ಕ್ಲಾಸು."

ಇಷ್ಟು ಹೇಳಿ ಕೂತುಬಿಟ್ಟಳು. ಮೂರು ನಿಮಿಷದಲ್ಲಿ ಅರ್ಧವೂ ಆಗಿರಲಿಲ್ಲ.

ಹೆಸರು ಕರೆದರು. ಆರ್ಡಿಸ್ ಹೌದು, ಪಶುವೈದ್ಯ ಹೌದು, ಉಳಿದಿಬ್ಬರು ಇಲ್ಲ. ಅಧ್ಯಕ್ಷನದು ಕೊನೆಯ ಮತ. ಕರ್ಟಿಸ್ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಆರ್ಡಿಸ್ ಬಸ್ಸು ಬಿಟ್ಟದ್ದು, ಕೀಲಿಕೈ ಕೊಟ್ಟದ್ದು, ಎಲ್ಲ ಈ ಒಂದು ಮಾತಿನ ಮೇಲೆ ನಿಂತಿತ್ತು.

"ನಾನು ಆ ಬಸ್ಸಲ್ಲಿ ಹೋಗಿದೀನಿ," ಎಂದ ಕರ್ಟಿಸ್ ಕೊನೆಗೆ. "ನೂರರ ತನಕ ಹದಿನೆಂಟು ಸಲ ಎಣಿಸಿದೀನಿ. ಹೌದು."

ಆಗ ಎದ್ದ ಗದ್ದಲದಲ್ಲಿ ಸುತ್ತಿಗೆಯ ಸದ್ದು ಯಾರಿಗೂ ಕೇಳಲಿಲ್ಲ.

ಆ ಸೆಪ್ಟೆಂಬರಿನಿಂದ ಉತ್ತರದ ರಸ್ತೆಗೆ ಗ್ರೆಟಾಳ ಬಸ್ಸು ಬಂತು, ಮನೆಯಿಂದ ಶಾಲೆಗೆ ನಲವತ್ತೆರಡು ನಿಮಿಷ. ಆರ್ಡಿಸ್‌ಳ ಮನೆ ಅದೇ ದಾರಿಯಲ್ಲಿ. ಮೊದಲ ದಿನ ಬೆಳಿಗ್ಗೆ ಅವಳು ಕಾಫಿ ಲೋಟ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಬಸ್ಸು ಹಾದುಹೋಯಿತು, ಮಕ್ಕಳು ಕೈ ಬೀಸಿದರು. ಅವಳು ಕಿಟಕಿಗಳಲ್ಲಿ ತಲೆ ಎಣಿಸಿದಳು. ಎಲ್ಲ ಸರಿಯಾಗಿತ್ತು. ನಾನು ಮಾಡಿದ್ದು ಇದು ಎಂದುಕೊಂಡಳು, ಅದರಲ್ಲಿ ಮುಚ್ಚುಮರೆ ಏನಿದೆ? ಹೆಮ್ಮೆಯಿಂದ ಅವಳ ಎದೆ ಉಬ್ಬಿತು, ಕಾಫಿ ಆರಿಹೋದದ್ದೂ ತಿಳಿಯಲಿಲ್ಲ.

ಮುಂದಿನ ಮೇ ತಿಂಗಳ ಕೊನೆಯಲ್ಲಿ, ಹನ್ನೆರಡನೇ ತರಗತಿ ಮುಗಿಸಿದವರಿಗೆ ಪದವಿ ಸಮಾರಂಭ. ಜಿಮ್ನಾಸಿಯಮ್ಮಿನ ತುಂಬ ಮಡಚುವ ಕುರ್ಚಿಗಳು, ನೀಲಿ ನಿಲುವಂಗಿಯ ಹತ್ತೊಂಬತ್ತು ಮಕ್ಕಳು, ಪ್ರಮಾಣಪತ್ರ ಕೊಡುವವನು ಅಧ್ಯಕ್ಷ. ಆದರೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಬೋರ್ಡಿನವರ ಮಗನೋ ಮಗಳೋ ಮೊಮ್ಮಗುವೋ ಆ ವರ್ಷ ಮುಗಿಸಿದರೆ ಪತ್ರವನ್ನು ಅವರೇ ಕೊಡುತ್ತಾರೆ. ತಾಯಿಯೋ ತಾತನೋ ಎದ್ದು ಬರುವಾಗ ಜನ ಕರವಸ್ತ್ರ ಹುಡುಕುತ್ತಾರೆ. ಆ ಸರದಿ ತನಗೆ ಬರುವುದಿಲ್ಲ ಎಂದು ಆರ್ಡಿಸ್‌ಗೆ ಗೊತ್ತಿತ್ತು. ವೇದಿಕೆಯ ಮೇಲೆ ಒಳ್ಳೆಯ ಬಟ್ಟೆ ಹಾಕಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಪ್ರತಿ ಮಗುವಿಗೂ ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟುತ್ತ ಕೂತಿದ್ದಳು.

ಮಾರೆನ್ ಸ್ಟಾಕ್ ಎಂದು ಹೆಸರು ಕರೆದಾಗ ಕರ್ಟಿಸ್ ಪತ್ರ ಕೈಗೆ ತೆಗೆದುಕೊಂಡ. ಕೊಡಲಿಲ್ಲ. ಮೈಕಿನ ಕಡೆ ತಿರುಗಿದ.

"ಬೋರ್ಡಲ್ಲಿ ಸಂಬಂಧಿಕರು ಯಾರಾದ್ರೂ ಇದಾರಾ ಅಂತ ಒಂದು ಫಾರಮ್ಮಲ್ಲಿ ಕೇಳ್ತೀವಿ," ಎಂದ. "ಈ ಹುಡುಗಿ ಅಲ್ಲಿ ಒಂದು ಹೆಸರು ಬರೆದಿದಾಳೆ. ಕಚೇರಿಯವರು ತಪ್ಪಾಗಿದೆ ಅಂತ ನಂಗೆ ತಂದು ತೋರಿಸಿದ್ರು. ನಾನು ಯೋಚನೆ ಮಾಡ್ದೆ. ಹನ್ನೊಂದು ವರ್ಷ, ದಿನಕ್ಕೆ ಎರಡು ಸಲ ಈ ಮಗೂನ ಎಣಿಸಿ ಮನೆ ಮುಟ್ಟಿಸಿದೋರು ಸಂಬಂಧಿಕರಲ್ಲ ಅಂದ್ರೆ, ಇನ್ಯಾರು ಸಂಬಂಧಿಕರು? ಫಾರಮ್ಮು ಸರಿಯಾಗೇ ಇದೆ." ಆಮೇಲೆ ಶ್ರೀಮತಿ ಎನ್ನಲಿಲ್ಲ. "ಬಾರೇ ಆರ್ಡಿಸ್."

ಅವಳು ಎದ್ದಳು. ಹೇಗೆ ಎದ್ದಳೋ, ಹೇಗೆ ನಡೆದಳೋ ಅವಳಿಗೇ ಗೊತ್ತಿಲ್ಲ. ಐದನೆಯ ಸಾಲಿನಲ್ಲಿ ಡೆಲ್ಮರ್ ಟೋಪಿಯಲ್ಲಿ ಮುಖ ಮುಚ್ಚಿಕೊಂಡಿದ್ದ. ಕೆಫೆಯ ಗಂಡಸರೆಲ್ಲ ಎದ್ದು ನಿಂತಿದ್ದರು. ಎದುರಿಗೆ ಮಾರೆನ್, ಅವಳಿಗಿಂತ ಒಂದು ಗೇಣು ಎತ್ತರವಾಗಿ ಬೆಳೆದ ಮಗು, ಕೈ ಚಾಚಿ ನಿಂತಿತ್ತು. ಆರ್ಡಿಸ್ ಪತ್ರ ಕೊಟ್ಟು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಇಂಥ ಹೊತ್ತಿನಲ್ಲಿ ಹೇಳುವ ದೊಡ್ಡ ಮಾತುಗಳಿರುತ್ತವೆ, ಮುಂದಿನ ಬದುಕು, ಕನಸು, ಅಭಿನಂದನೆ. ಅವುಗಳಲ್ಲಿ ಒಂದೂ ಅವಳ ಬಾಯಿಗೆ ಬರಲಿಲ್ಲ. ಬಂದದ್ದು ಒಂದೇ ಮಾತು, ಮೈಕಿನಲ್ಲಿ ಇಡೀ ಊರಿಗೆ ಕೇಳಿಸಿತು.

"ಮೆಟ್ಟಿಲು ನೋಡ್ಕೊಂಡು ಇಳಿ, ಮಗಳೇ."

ಮಾರೆನ್ ನಿಲುವಂಗಿಯ ಅಂಚನ್ನು ಎತ್ತಿ ಹಿಡಿದು, ತಲೆ ಬಗ್ಗಿಸಿ, ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದಳು.